ಒಂದು ದಿನ ತಡವಾಗಿ ಬಂದ ಢಂ

ನಮ್ಮೂರಿನಲ್ಲಿ ಬಂದೂಕು ಹಾರಿಸಿದರೆ ಸದ್ದಾಗುವುದಿಲ್ಲ. ಸದ್ದು ಮರುದಿನ ಬರುತ್ತದೆ. ಹಾರಿಸಿದವನು ಬೆಳಗ್ಗೆ ಎದ್ದು ಕಾಫಿಯನ್ನೋ ನೀರನ್ನೋ ಮೊದಲ ಗುಟುಕು ಗಂಟಲಿಗೆ ಇಳಿಸಿದ ಕೂಡಲೇ ಅವನ ನೆತ್ತಿಯ ಮೇಲೆ, ಮೊಳದಷ್ಟು ಎತ್ತರದಲ್ಲಿ, ಢಮ್ಮೆಂದು ಕೇಳುತ್ತದೆ. ನಾಲ್ಕು ಗುಂಡು ಹಾರಿಸಿದ್ದರೆ ನಾಲ್ಕು ಸಲ, ನಡುವೆ ಉಸಿರೆಳೆದುಕೊಳ್ಳುವಷ್ಟು ಬಿಡುವು ಕೊಟ್ಟು. ಹೊರಗಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಅವರ ಊರುಗಳದ್ದೇ ವಿಚಿತ್ರ. ಹಾರಿಸಿದಲ್ಲೇ, ಹಾರಿಸಿದಾಗಲೇ ಸದ್ದಂತೆ! ಗುರಿ ಇಡುವವನ ಕೈ ನಡುಗುವುದಿಲ್ಲವೇ?

ನಮ್ಮವರು ಇದಕ್ಕೆ ತಕ್ಕಂತೆ ಬದುಕು ಹೊಂದಿಸಿಕೊಂಡಿದ್ದಾರೆ. ಬಂದೂಕಿರುವ ಮನೆಗಳಲ್ಲಿ ಗಾಜಿನ ಲೋಟ ಇಡುವುದಿಲ್ಲ. ಹೆಂಚಿನ ಕೆಳಗೆ ಕಾಫಿ ಕೊಡುವುದಿಲ್ಲ, ಹಿತ್ತಿಲಿಗೆ ಅಟ್ಟುತ್ತಾರೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ‘ನಿನ್ನೆ ಹಾರಿಸಿದವರು ಹಿಂದಿನ ಬೆಂಚಿನಲ್ಲಿ ಕೂರತಕ್ಕದ್ದು’ ಎಂದು ಬೋರ್ಡಿದೆ. ಹೆಣ್ಣು ನೋಡಲು ಬಂದ ಗಂಡಿಗೆ ಮೊದಲು ಒಂದು ಲೋಟ ನೀರು ಕೊಟ್ಟು, ಹೆಣ್ಣಿನ ಕಡೆಯವರೆಲ್ಲ ಕಿವಿಗೆ ಹತ್ತಿ ತುರುಕಿಕೊಂಡು ಅವನ ಗಂಟಲನ್ನೇ ನೋಡುತ್ತ ಕೂರುತ್ತಾರೆ. ನನ್ನ ಸದ್ದಂತೂ ಬೇರೆಯೇ ದರ್ಜೆಯದು. ಒಮ್ಮೆ ನಾನು ಕಾಫಿ ಕುಡಿದ ರಭಸಕ್ಕೆ ಪಕ್ಕದೂರಿನ ಹಸುಗಳು ಒಂದು ವಾರ ಹಾಲಿನ ಬದಲು ಮೊಸರನ್ನೇ ಕೊಟ್ಟವು. ಆ ಮೊಸರು ತಿಂದವರು ಈಗಲೂ ಇದ್ದಾರೆ, ಬೇಕಾದರೆ ಕೇಳಿ.

ಇಂಥ ಊರಿನಲ್ಲಿ ಎಷ್ಟು ಗುಂಡು ಹಾರಿಸಿದೆ ಎಂಬ ವಿಷಯದಲ್ಲಿ ಸುಳ್ಳು ಹೇಳಲು ಬರುವುದಿಲ್ಲ. ‘ಒಂದೇ ಏಟಿಗೆ ಉದುರಿಸಿದೆ’ ಎಂದು ಸಂಜೆ ಮೀಸೆ ತಿರುವಿದವನ ನೆತ್ತಿಯ ಮೇಲೆ ಬೆಳಗ್ಗೆ ಏಳು ಸಲ ಢಮ್ಮೆಂದರೆ ಕಟ್ಟಿಕೊಂಡ ಹೆಂಡತಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅದಕ್ಕೇ ಉಳಿದ ವಿಷಯಗಳಲ್ಲಿ, ಅಂದರೆ ದೂರ, ಗಾಳಿ, ಕಣ್ಣಿಗೆ ಹೊಡೆದ ಬಿಸಿಲು ಇವುಗಳಲ್ಲಿ, ನಾವು ತುಸು ಧಾರಾಳ. ಆ ಧಾರಾಳದಲ್ಲಿ ಊರಿಗೆಲ್ಲ ನಾನೇ ಮೊದಲಿಗ ಎಂದು ನನ್ನ ಬಾಯಿಂದ ಹೇಳಿಕೊಳ್ಳಬಾರದು. ಹೇಳಲು ಬೇರೆಯವರು ಬೇಕಾದಷ್ಟಿದ್ದಾರೆ.

ಆದರೆ ಸದ್ದಿಲ್ಲದ ಬಂದೂಕಿನಂಥ ಅಪಾಯ ಇನ್ನೊಂದಿಲ್ಲ. ಯಾರು, ಯಾವಾಗ, ಯಾವ ಕಡೆಗೆ ಹಾರಿಸಿದರು ಎಂದು ತಿಳಿಯುವುದೇ ಇಲ್ಲವಲ್ಲ. ಹಾಗಾಗಿ ನಮ್ಮ ಬಂದೂಕು ಸಂಘದಲ್ಲಿ ಒಂದು ಕಟ್ಟಳೆ ಇದೆ. ಊರಾಚೆಯ ಹಳೇ ಕಲ್ಲುಕ್ವಾರಿಯಲ್ಲಿ ಭಾನುವಾರ ತಂತಿಗೆ ಮಣ್ಣಿನ ಕುಡಿಕೆಗಳನ್ನು ತೂಗುಹಾಕಿ ಗುರಿ ಹೊಡೆಯುತ್ತೇವೆ. ಹೊಡೆಯುವ ಮೊದಲು ಹೊಡೆಯುವವನು ಬಾಯಿಂದ ‘ಢಂ’ ಎಂದು ಕೂಗಲೇಬೇಕು. ಕೂಗು ಕಿವಿಗೆ ಬಿದ್ದೊಡನೆ ಕ್ವಾರಿಯೊಳಗಿರುವ ಪ್ರತಿಯೊಬ್ಬರೂ, ಚುರುಮುರಿ ತಿನ್ನುತ್ತಿದ್ದರೂ ಸರಿ, ಪಂಚೆ ಬಿಗಿಯುತ್ತಿದ್ದರೂ ಸರಿ, ಇದ್ದಲ್ಲೇ ಕುಕ್ಕರಗಾಲಲ್ಲಿ ಕೂತುಬಿಡಬೇಕು. ಹೊಸದಾಗಿ ಸೇರಿದವರು ಬಂದೂಕು ಮುಟ್ಟುವ ಮೊದಲು ಒಂದು ಮಳೆಗಾಲ ಪೂರ್ತಿ ಬರೀ ಢಂ ಕಲಿಯುತ್ತಾರೆ. ಒಬ್ಬೊಬ್ಬರದೂ ಒಂದೊಂದು ಬಗೆ. ನಮ್ಮ ಅಧ್ಯಕ್ಷೆ ಫಿಲೋಮಿನಾ ಟೀಚರ್ ಹೈಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಟ್ಟು ರಿಟೈರಾದವರು. ಅವರ ಢಂ ಸೀಟಿಯ ಹಾಗೆ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ನನ್ನ ಢಂ ಕೇಳಿ ಕ್ವಾರಿಯ ಬಂಡೆ ಎರಡು ಕಡೆ ಬಿರಿದಿದೆ. ಮೂರನೆಯ ಬಿರುಕು ಮೊದಲೇ ಇತ್ತು, ಅದನ್ನು ನಾನು ನನ್ನದೆಂದು ಹೇಳುವುದಿಲ್ಲ.

ಢಂ ಕೇಳಿದಾಗೆಲ್ಲ ಟೀಚರ್ ಕೂಗಿದವನ ಹೆಸರಿನ ಲೋಟಕ್ಕೆ ಒಂದು ಹುಣಿಸೆ ಬೀಜ ಹಾಕುತ್ತಾರೆ. ಸೋಮವಾರ ಬೆಳಗ್ಗೆ ಹಾರಿಸಿದವರೆಲ್ಲ ಬರಿಗಂಟಲಲ್ಲಿ ಕ್ವಾರಿಯ ಹುಣಿಸೆ ಮರದ ಕೆಳಗೆ ಸೇರುತ್ತೇವೆ. ಒಬ್ಬೊಬ್ಬರಾಗಿ ಕಾಫಿಯ ಮೊದಲ ಗುಟುಕು ಕುಡಿಯುತ್ತೇವೆ. ಒಂದು ಸದ್ದಿಗೆ ಒಂದು ಬೀಜ ಹೊರಕ್ಕೆ. ಸದ್ದೂ ಬೀಜವೂ ಒಟ್ಟಿಗೆ ಮುಗಿದರೆ ಚಪ್ಪಾಳೆ. ಬೀಜ ಮುಗಿದ ಮೇಲೂ ಸದ್ದು ಬಂದರೆ ಅವನು ಕೂಗದೆ ಹಾರಿಸಿದ್ದಾನೆ ಎಂದರ್ಥ. ಅದಕ್ಕೆ ನಾವು ಮೂಗ ಗುಂಡು ಎನ್ನುತ್ತೇವೆ. ಮೂಗ ಗುಂಡು ಹಾರಿಸಿದವನು ಒಂದು ವರ್ಷ ಬಂದೂಕು ಮುಟ್ಟುವಂತಿಲ್ಲ. ಬೇರೆಯವರು ಹೊಡೆಯುವಾಗ ಪಕ್ಕದಲ್ಲಿ ನಿಂತು ಅವರೆಲ್ಲರ ಢಂ ಇವನೇ ಕೂಗಬೇಕು. ಸಂಜೆಯ ಹೊತ್ತಿಗೆ ಗಂಟಲು ಬಿದ್ದುಹೋಗಿ ಹೆಂಡತಿಯ ಹತ್ತಿರ ಉಪ್ಪನ್ನೂ ಸನ್ನೆಯಲ್ಲೇ ಕೇಳಬೇಕಾಗುತ್ತದೆ.

ಈ ಕಟ್ಟಳೆಯನ್ನೆಲ್ಲ ಮಾಡಿದವನೂ ಕಾಯುತ್ತಿದ್ದವನೂ ಹುಚ್ಚೀರಪ್ಪ. ಸಂಘದ ರೇಂಜ್ ಮೇಷ್ಟ್ರು, ಅಂದರೆ ಗುರಿ ಹೊಡೆಯುವ ಜಾಗದ ಉಸ್ತುವಾರಿ. ಹೆಸರಿನಲ್ಲಿ ಏನೇ ಇರಲಿ, ಅವನಷ್ಟು ನೆಟ್ಟಗಿನ ಮನುಷ್ಯನನ್ನು ನಾನು ನೋಡಿಲ್ಲ, ಮತ್ತು ನಾನು ನೋಡದೇ ಇರುವ ಮನುಷ್ಯರು ಕಡಿಮೆ. ಕ್ವಾರಿಯ ಬಾಗಿಲ ಬಂಡೆಯ ಮೇಲೆ ಅವನೇ ಸುಣ್ಣದಲ್ಲಿ, ಆಳೆತ್ತರದ ಅಕ್ಷರಗಳಲ್ಲಿ ಬರೆದಿದ್ದ: ‘ಖಾಲಿ ಬಂದೂಕು ಎಂಬುದು ಲೋಕದಲ್ಲಿಲ್ಲ.’ ನಳಿಗೆಯನ್ನು ಯಾರಾದರೂ ಪಕ್ಕಕ್ಕೆ ತಿರುಗಿಸಿದರೆ ಬೆತ್ತ ಹಿಡಿದು ಬರುತ್ತಿದ್ದ. ‘ಖಾಲಿ ಇದೆ ಮೇಷ್ಟ್ರೇ’ ಎಂದವರಿಗೆ ‘ನಿನ್ ತಲೆ ಖಾಲಿ ಇದೆ’ ಎನ್ನುತ್ತಿದ್ದ. ಭಾನುವಾರ ಅವನು ತಾನಾಗಿ ಒಂದು ಗುಂಡೂ ಹಾರಿಸುತ್ತಿರಲಿಲ್ಲ. “ನಾನೇ ಹೊಡೆಯೋಕೆ ನಿಂತ್ರೆ ನಿಮ್ಮಂಥ ಕೋತಿಗಳನ್ನ ಕಾಯೋರ್ಯಾರು?” ಎನ್ನುತ್ತಿದ್ದ. ಹಾಗಾಗಿ ಅವನ ಲೋಟದಲ್ಲಿ ಬೀಜ ಬಿದ್ದದ್ದೇ ಇಲ್ಲ, ಅವನ ಸೋಮವಾರದ ಕಾಫಿ ಸದ್ದು ಮಾಡಿದ್ದೇ ಇಲ್ಲ. ನಾವೆಲ್ಲ ಢಮಢಮ ಎನ್ನಿಸಿಕೊಂಡು ಮೈಮೇಲಿನ ಹುಣಿಸೆ ಎಲೆ ಕೊಡವಿಕೊಳ್ಳುತ್ತಿದ್ದರೆ ಅವನು ಕೊನೆಯಲ್ಲಿ ಮದುವೆಮನೆ ಹಿರಿಯರ ಹಾಗೆ ಸೊರ್ ಎಂದು ಕುಡಿದು, ‘ನೋಡಿ, ಹಿಂಗಿರ್ಬೇಕು’ ಎಂಬಂತೆ ಸುತ್ತಲೂ ನೋಡುತ್ತಿದ್ದ.

ಇಂಥವನಿಗೆ ಸನ್ಮಾನ ಮಾಡಬೇಕೆಂದು ಟೀಚರ್ ನಿಶ್ಚಯಿಸಿದರು. ಸಂಘ ಹುಟ್ಟಿದಂದಿನಿಂದ ಒಂದೂ ಮೂಗ ಗುಂಡಿನ ಕಳಂಕವಿಲ್ಲದ ಮೇಷ್ಟ್ರಿಗೆ ಸೋಮವಾರ ಬೆಳಗ್ಗೆ ಕಾಫಿಯ ಹೊತ್ತಿಗೆ ಒಂದು ಜರಿ ಶಾಲು, ಒಂದು ಹಿತ್ತಾಳೆ ತುತ್ತೂರಿ. ಹುಚ್ಚೀರಪ್ಪ ‘ಅದೆಲ್ಲ ಯಾಕೆ ಟೀಚರೇ’ ಎಂದ. ಎಂದವನು ಶನಿವಾರವೇ ಕ್ಷೌರ ಮಾಡಿಸಿಕೊಂಡು ಬಂದ.

ಭಾನುವಾರ ಮಧ್ಯಾಹ್ನ ಹುಚ್ಚೀರಪ್ಪ ತನ್ನ ಬಂದೂಕಿಗೆ ಹೊಸ ತೋಟಾ ಒಂದನ್ನು ಹಾಕಿ, ಸರಿಯಾಗಿ ಕೂರುತ್ತದೆಯೇ ಎಂದು ನೋಡುತ್ತಿದ್ದ. ಅಷ್ಟರಲ್ಲಿ ಅತ್ತ ಕಡೆ ಗಲಾಟೆಯೆದ್ದಿತು. ನನ್ನ ಗುಂಡು ಕುಡಿಕೆಗೆ ತಾಗದೆ ತಂತಿಯನ್ನು ಕಡಿದಿತ್ತು. ತಂತಿಗೇ ಗುರಿಯಿಟ್ಟಿದ್ದೆ ಎಂದು ನಾನು, ಕಣ್ಣು ಮುಚ್ಚಿಕೊಂಡು ಹೊಡೆದಿದ್ದೀಯಾ ಎಂದು ಉಳಿದವರು. ನ್ಯಾಯ ತೀರಿಸಲು ಹುಚ್ಚೀರಪ್ಪ ಬೆತ್ತ ಹಿಡಿದು ಓಡಿ ಬಂದ. ತೋಟಾ ಬಂದೂಕಿನಲ್ಲೇ ಉಳಿಯಿತು.

ಸಂಜೆ ಎಲ್ಲರೂ ಹೊರಟ ಮೇಲೆ ಅವನು ಶೆಡ್ಡಿನ ಮುಂದೆ ಕೂತು ಬಂದೂಕು ಒರೆಸುತ್ತಿದ್ದ. ಆಗ ಬಂದವನು ಪೀರ್‌ಸಾಬ್, ಗಡಿಯಾರ ರಿಪೇರಿಯವನು, ಹುಚ್ಚೀರಪ್ಪನ ಬಾಲ್ಯದ ಗೆಳೆಯ. ಸಂಘದವನಲ್ಲ, ಬಂದೂಕು ಕಂಡರೆ ಅವನಿಗೆ ಆಗುವುದಿಲ್ಲ, ಕಾಫಿ ಕಂಡರೆ ಆಗುತ್ತದೆ. ಬಿಸಿಲಿರಲಿ ಬಿಡಲಿ, ಬಿಚ್ಚಿದ ಕಪ್ಪು ಕೊಡೆಯೊಂದು ಅವನ ಹೆಗಲ ಮೇಲೆ ಸದಾ ಇರುತ್ತದೆ.

“ಲೇ ಹುಚ್ಚೀರ, ನಾಳೆ ಶಾಲು ಹೊದ್ಕೊಂಡ ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತೀಯೇನೋ?”

“ಟೈಮಿದ್ರೆ ಮಾತಾಡಿಸ್ತೀನಿ.”

“ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಖಾಲಿ ಬಂದೂಕಿಗೂ ಹಿಂಗೆ ಹೆದರ್ತೀರಲ್ಲ, ನಾನು ಸೆಲ್ಲಿಲ್ಲದ ಗಡಿಯಾರಕ್ಕೆ ಹೆದರಿದ ಹಾಗಲ್ವೇನೋ ಇದು?”

ಹುಚ್ಚೀರಪ್ಪನಿಗೆ ಪಾಠ ಹೇಳುವ ಚಾಳಿ. ಬಂದೂಕೆತ್ತಿ ಹೇಳತೊಡಗಿದ. “ಪೀರ, ಇದು ಖಾಲಿ ಇದೆ ಅಂತ ನಂಗೆ ಚೆನ್ನಾಗಿ ಗೊತ್ತು. ಆದ್ರೂ ತುಂಬಿದೆ ಅಂತ್ಲೇ ತಿಳ್ಕೋಬೇಕು. ಯಾರ ಕಡೆಗೂ ತಿರುಗಿಸ್ಬಾರ್ದು. ಬೆರಳು ಇಲ್ಲಿಡ್ಬಾರ್ದು, ಹಿಂಗೆ.”

ಬೆರಳು ಎಲ್ಲಿ ಇಡಬಾರದು ಎಂದು ತೋರಿಸಲು ಅವನು ಬೆರಳನ್ನು ಅಲ್ಲೇ ಇಟ್ಟ. ಪೀರ್‌ಸಾಬ್ ‘ಆಯ್ತು ಮಾರಾಯ, ನಿನ್ನ ಪಾಠ ಮುಗಿಯೋದ್ರಲ್ಲಿ ಮಗ್ರಿಬ್ ನಮಾಜಿನ ಹೊತ್ತಾಗ್ತದೆ’ ಎಂದು ತಿರುಗಿ ಹೊರಟ. ಅದೇ ಕ್ಷಣಕ್ಕೆ ಬಂದೂಕಿನ ಹಿಡಿ ಹುಚ್ಚೀರಪ್ಪನ ಭುಜಕ್ಕೆ ಗುದ್ದಿತು. ಸದ್ದಿಲ್ಲ. ಮೂಗಿಗೆ ಮದ್ದಿನ ವಾಸನೆ ಬಂತು. ಪೀರ್‌ಸಾಬನ ಕೊಡೆ ಗಾಳಿಗೆ ಸಿಕ್ಕಂತೆ ಒಮ್ಮೆ ಅಲುಗಿತು. ಕಿವಿಯಿಂದ ಅಂಗೈಯಗಲ ಮೇಲೆ ಕರಿಬಟ್ಟೆಯಲ್ಲಿ ಒಂದು ತೂತು, ಅದರಾಚೆ ಇನ್ನೊಂದು ತೂತು, ಆ ಎರಡರ ಮೂಲಕ ಮುಳುಗುವ ಸೂರ್ಯ.

“ಗಾಳಿ ಎದ್ದಂಗದೆ,” ಎಂದುಕೊಂಡು ಪೀರ್‌ಸಾಬ್ ಹಿಂತಿರುಗಿಯೂ ನೋಡದೆ ನಡೆದ.

ಹುಚ್ಚೀರಪ್ಪ ಅಲ್ಲೇ ಕುಸಿದು ಕೂತ. ಮುಂದೆ ಬಂಡೆ, ಬಂಡೆಯ ಮೇಲೆ ಅವನದೇ ಅಕ್ಷರ. ಸ್ವಲ್ಪ ಹೊತ್ತಿಗೆ ಎದ್ದು ಗೆಳೆಯನ ಹಿಂದೆ ಓಡಿದ. ತಿರುವಿನಲ್ಲಿ ಹಿಡಿದ. “ಪೀರಾ...” ಎಂದ. ಪೀರ್‌ಸಾಬ್ ನಿಂತು ನಕ್ಕು, “ನಾಳೆಗೆ ನಾನೂ ಬಿಳೀ ಅಂಗಿ ಇಸ್ತ್ರಿ ಮಾಡ್ಸಿದೀನಿ ಕಣೋ. ನನ್ನ ದೋಸ್ತಿಗೆ ಶಾಲು ಹಾಕೋವಾಗ ನಾನು ಹರಕು ಅಂಗೀಲಿ ನಿಂತ್ರೆ ಚೆನ್ನಾಗಿರುತ್ತಾ?” ಎಂದ. ಹುಚ್ಚೀರಪ್ಪ ತೂತುಬಿದ್ದ ಕೊಡೆಯನ್ನು ನೋಡಿದ. “ಏನಿಲ್ಲ. ಹುಷಾರಾಗಿ ಹೋಗು,” ಎಂದ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಅರ್ಧ ಅವನೇ ಹೇಳಿದ್ದು. ಇನ್ನರ್ಧ ಅವನಿಗಿಂತ ನನಗೇ ಚೆನ್ನಾಗಿ ಗೊತ್ತು.

ಸೋಮವಾರ ಬೆಳಗ್ಗೆ ಅವನ ಹೆಂಡತಿ ಗಂಗಮಾಳಮ್ಮ ಎಂದಿನಂತೆ ಒಂದು ಚೆಂಬು ಬಿಸಿನೀರು ತಂದು ಮುಂದೆ ಹಿಡಿದಳು. ಹುಚ್ಚೀರಪ್ಪ ಹಾವು ಕಂಡವನಂತೆ ಗೋಡೆಗೆ ಒತ್ತಿಕೊಂಡ.

“ಇವತ್ತು ಸೋಮವಾರದ ಉಪವಾಸ ಕಣೇ. ನೀರೂ ಮುಟ್ಟಲ್ಲ.”

“ಯಾವತ್ತಿನಿಂದ ಶುರುವಾಯ್ತು ಈ ಭಕ್ತಿ? ಹೋದ ಶಿವರಾತ್ರಿ ದಿನ ಹಿತ್ತಿಲಲ್ಲಿ ನಿಂತು ಬೋಂಡ ತಿಂದೋರು ನೀವೇ ಅಲ್ವಾ?”

“ಮನುಷ್ಯ ಬದಲಾಗ್ಬಾರ್ದಾ?”

“ಬದಲಾಗ್ಲಿ. ಹೇಳಿ ಬದಲಾಗ್ಲಿ. ನೆನ್ನೆ ಇಡೀ ರಾತ್ರಿ ಬೆಕ್ಕಿನ ಥರ ಹೊರಳಾಡಿದ್ರಿ. ಶಾಲಿನ ಖುಷಿ ಅಂದ್ಕೊಂಡಿದ್ದೆ.”

ಅವಳು ಒಳಗೆ ಹೋದ ಮೇಲೆ ಹುಚ್ಚೀರಪ್ಪ ಲೆಕ್ಕ ಹಾಕಿದ. ಮನೆಯಲ್ಲಿ ಕುಡಿದರೆ ಗಂಗಮಾಳಿಗೆ ಗೊತ್ತಾಗುತ್ತದೆ. ಗುಡ್ಡ ಹತ್ತಿ ಕುಡಿದರೆ ಊರಿಗೇ ಗೊತ್ತಾಗುತ್ತದೆ, ಏಕೆಂದರೆ ಸೋಮವಾರ ಬೆಳಗ್ಗೆ ಊರಿಗೆ ಊರೇ ಕಿವಿ ನಿಮಿರಿಸಿಕೊಂಡಿರುತ್ತದೆ. ಕುಡಿಯದೇ ಇರೋಣವೆಂದರೆ ಸದ್ದು ಕಾದು ಕೂರುತ್ತದೆ, ಅದಕ್ಕೇನು ಅವಸರ? ಹಿಂದೆ ಮಾವನಿಗೆ ಹೆದರಿ ಗುಟುಕು ಕುಡಿಯದೆ ಉಳಿದ ಅಳಿಯನೊಬ್ಬನ ತುಟಿ ಒಣಗಿ ಕೆರೆಯ ತಳದಂತೆ ಬಿರುಕು ಬಿಟ್ಟಿತ್ತು. ಆ ಬಿರುಕಿನಲ್ಲಿ ಏಡಿಗಳು ಓಡಾಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಯೋಚಿಸಿ ಯೋಚಿಸಿ ಹುಚ್ಚೀರಪ್ಪನಿಗೆ ಒಂದೇ ದಾರಿ ಹೊಳೆಯಿತು. ಬೇರೆ ಯಾರದೋ ಸದ್ದಿನ ಜೊತೆಗೆ ತನ್ನ ಸದ್ದನ್ನು ಬೆರೆಸಿಬಿಡುವುದು. ತನ್ನ ಗುಟುಕೂ ಇನ್ನೊಬ್ಬನ ಗುಟುಕೂ ಒಂದೇ ಕ್ಷಣಕ್ಕೆ ಇಳಿದರೆ ಎರಡು ಸದ್ದು ಒಂದಾಗಿ ಕೇಳುತ್ತವೆ. ಅದಕ್ಕೆ ದೊಡ್ಡ ಸದ್ದಿನವನು ಬೇಕು. ದೊಡ್ಡ ಸದ್ದೆಂದರೆ ಊರಿನಲ್ಲಿ ಒಬ್ಬನೇ. ಆ ಗೌರವಕ್ಕೆ ನಾನು ಅವನಿಗೆ ಈಗಲೂ ಋಣಿ.

ಹೊರಡುವ ಮುನ್ನ ಹೊಟ್ಟೆ ಚುರುಗುಟ್ಟಿ, ಡಬ್ಬಿಯಿಂದ ಒಂದು ಹಿಡಿ ಒಣ ಅವಲಕ್ಕಿಯನ್ನು ಚಟ್ನಿಪುಡಿಯ ಸಮೇತ ಬಾಯಿಗೆ ತುಂಬಿಕೊಂಡ. ಒಣ ಗಂಟಲಿಗೆ ಒಣ ಅವಲಕ್ಕಿ. ಕ್ವಾರಿ ಮುಟ್ಟುವ ಹೊತ್ತಿಗೆ ಬಿಕ್ಕಳಿಕೆ ಹಿಡಿಯಿತು.

ಹುಣಿಸೆ ಮರದ ಕೆಳಗೆ ಮೇಜು, ಮೇಜಿನ ಮೇಲೆ ಮಡಿಸಿದ ಶಾಲು, ತುತ್ತೂರಿ, ಸಾಲಾಗಿ ಕಾಫಿ ಲೋಟಗಳು. ಫಿಲೋಮಿನಾ ಟೀಚರ್ ಹೊಸ ಸೀರೆ ಉಟ್ಟಿದ್ದರು. “ಬನ್ನಿ ಹುಚ್ಚೀರಪ್ನೋರೇ,” ಎಂದರು.

“ನಮಸ್ಕಾ— ಹಿಕ್! ರ.”

“ಅಯ್ಯೋ, ಒಂದು ಗುಟುಕು ನೀರು ಕುಡೀರಿ.”

“ಬೇಡ ಟೀಚರೇ, ಉಪವಾ— ಹಿಕ್!”

ನೀರು ಕೊಡಬಾರದೆಂದ ಮೇಲೆ ಊರವರು ಬೇರೆ ಮದ್ದು ಮಾಡಿದರು. ಒಬ್ಬ ಬೆನ್ನಿಗೆ ಗುದ್ದಿದ. ಒಬ್ಬ ಮೂಗು ಹಿಡಿದ. ಇನ್ನೊಬ್ಬ ಹಿಂದಿನಿಂದ ಬಂದು ‘ಭೋ’ ಎಂದು ಹೆದರಿಸಿದ. ಹುಚ್ಚೀರಪ್ಪ ಆಗಲೇ ಹೆದರಿದ್ದುದರಿಂದ ಅದೂ ಫಲಿಸಲಿಲ್ಲ.

ಅಷ್ಟರಲ್ಲಿ ಇಸ್ತ್ರಿಯ ಬಿಳೀ ಅಂಗಿ ತೊಟ್ಟು ಪೀರ್‌ಸಾಬ್ ಬಂದ. ಬರುವಾಗಲೇ ಕೂಗಾಡುತ್ತಿದ್ದ. “ಆ ಕೊಡೆ ಮಾರಿದವನು ಸಿಗ್ಲಿ! ಹತ್ತು ವರ್ಷ ಬಾಳಿಕೆ ಬರುತ್ತೆ ಅಂದಿದ್ದ. ಒಂದೇ ರಾತ್ರೀಲಿ ಇಲಿ ಕಚ್ಚಿ ಎರಡು ತೂತು ಮಾಡಿದೆ ನೋಡಿ!” ಕೊಡೆಯನ್ನು ಬಿಸಿಲಿಗೆ ಹಿಡಿದ. ತೂತಿನಿಂದ ಇಳಿದ ಬೆಳಕಿನ ಬೊಟ್ಟೊಂದು ಶಾಲಿನ ಮೇಲೆ ಕೂತಿತು. ಕೊಡೆ ಅಲುಗಿದಾಗ ತೆವಳಿಕೊಂಡು ಹೋಗಿ ಹುಚ್ಚೀರಪ್ಪನ ಹಣೆಯ ನಡುವೆ ನಿಂತಿತು.

ಟೀಚರ್ ಕನ್ನಡಕ ಏರಿಸಿದರು. ಒಂದು ತೂತಿನಿಂದ ಇನ್ನೊಂದು ತೂತಿಗೆ ಕಡ್ಡಿ ತೂರಿಸಿದರು. ಕಡ್ಡಿ ಸೀದಾ ಹೋಯಿತು. “ಇಲಿ ಇಷ್ಟು ನೇರವಾಗಿ ಕಚ್ಚಲ್ಲ ಪೀರ್‌ಸಾಬ್ರೇ,” ಎಂದರು. “ಇದು ಗುಂಡು. ನಿನ್ನೆ ಯಾರೋ ನಿಮ್ಮ ತಲೆ ಪಕ್ಕದಲ್ಲಿ ಮೂಗ ಗುಂಡು ಹಾರಿಸಿದ್ದಾರೆ.”

ಪೀರ್‌ಸಾಬ್ ಆ ಕಡ್ಡಿಯನ್ನೇ ನೋಡಿದ. ಕೈ ಮೆಲ್ಲಗೆ ಕಿವಿಯ ಹತ್ತಿರ ಹೋಯಿತು.

ಸನ್ಮಾನ ಪಕ್ಕಕ್ಕೆ ಸರಿಯಿತು. ಕಾಫಿ ಶುರುವಾಯಿತು. ಕಿವಿಗೆ ಹತ್ತಿ ಇಟ್ಟು ಕಣ್ಣು ಮುಚ್ಚಿಕೊಂಡೆವು, ಏಕೆಂದರೆ ಸದ್ದಿಗೆ ಮರದಿಂದ ಎಲೆ, ಇರುವೆ, ಕಾಗೆಯ ಪ್ರಸಾದ ಎಲ್ಲವೂ ಉದುರುತ್ತವೆ. ಒಬ್ಬೊಬ್ಬರೂ ಕುಡಿದರು, ಬೀಜಗಳು ಸರಿಯಾಗಿ ಖಾಲಿಯಾದವು. ಸಾಲಿನ ಕೊನೆಯಲ್ಲಿ ನಾನು. ನನ್ನ ಲೋಟದಲ್ಲಿ ಎರಡು ಬೀಜ. ಎಲ್ಲರೂ ನನ್ನನ್ನು ನೋಡಿದ ರೀತಿಯಲ್ಲೇ ಅರ್ಥವಾಯಿತು, ತೀರ್ಪು ಬರೆದು ಸಹಿಯೂ ಆಗಿದೆ ಎಂದು. “ಕುಡಿಯಪ್ಪಾ ಬೋರಲಿಂಗು,” ಎಂದರು ಟೀಚರ್.

ಎಂದೂ ನನ್ನ ಪಕ್ಕ ಕೂರದ ಹುಚ್ಚೀರಪ್ಪ ಬಂದು ಭುಜಕ್ಕೆ ಭುಜ ತಾಗಿಸಿ ಕೂತ. ಪಾಪ, ಧೈರ್ಯ ಹೇಳಲು ಬಂದಿದ್ದಾನೆ ಎಂದುಕೊಂಡೆ. ಅವನ ಶಲ್ಯದ ಒಳಗೆ ಮೇಜಿನಿಂದ ಎತ್ತಿದ ಒಂದು ಲೋಟ ಕಾಫಿ ಇತ್ತು. ಎಲ್ಲರೂ ಕಣ್ಣು ಮುಚ್ಚಿದರು. ನಾನು ಲೋಟ ಎತ್ತಿದೆ. ಅವನೂ ಎತ್ತಿದ. ನಾನು ಗುಟುಕರಿಸಿದೆ. ಅವನೂ ಗುಟುಕರಿಸಬೇಕು, ಆಗ—

‘ಹಿಕ್!’

ಕಾಫಿ ಗಂಟಲಲ್ಲಿ ಒಂದು ಸುತ್ತು ಸುತ್ತಿತು. ನನ್ನ ಮೊದಲನೆಯದು ಢಮ್ಮೆಂದಿತು. ಎರಡನೆಯದು ಢಮ್ಮೆಂದಿತು. ಕ್ವಾರಿಯ ಬಂಡೆ ನಡುಗಿ, ಮೋಡವೊಂದು ಹೆದರಿ ದಿಕ್ಕು ಬದಲಿಸಿತು. ಅದು ಮುಗಿದು, ಎಲೆಗಳು ಉದುರಿ, ಎಲ್ಲರೂ ಕಣ್ಣು ತೆರೆಯುವಷ್ಟರಲ್ಲಿ, ನಮ್ಮಿಬ್ಬರ ನೆತ್ತಿಗಳ ಮೇಲೆ ಸಣ್ಣದಾಗಿ, ನಾಚಿಕೊಂಡಂತೆ, ಮೂರನೆಯದೊಂದು ಢಮ್ಮೆಂದಿತು.

ಬಿಕ್ಕಳಿಕೆ ನಿಂತಿತು. ಎಲ್ಲರ ಕಣ್ಣು ನನ್ನ ಮೇಲೆ.

“ಎರಡು ಬೀಜ, ಮೂರು ಸದ್ದು,” ಎಂದರು ಟೀಚರ್.

“ನಂದಲ್ಲ! ನಮ್ಮಪ್ಪನಾಣೆ ನಂದಲ್ಲ! ನನ್ನ ಸದ್ದು ಅಷ್ಟು ಬಡಕಲಾಗಿ ಇರುತ್ತಾ? ನೀವೇ ಹೇಳಿ!”

“ತಂತಿಗೇ ಗುರಿ ಇಟ್ಟಿದ್ದೆ ಅಂದೋನ ಮಾತು ಯಾರಪ್ಪ ನಂಬ್ತಾರೆ?” ಎಂದ ಒಬ್ಬ. “ಹಸು ಮೊಸರು ಕೊಡ್ತು ಅಂದೋನು,” ಎಂದ ಇನ್ನೊಬ್ಬ. ನೋಡಿ ನನ್ನ ಹಣೆಬರಹ. ಜೀವನದಲ್ಲಿ ಮೊದಲ ಸಲ ಅಪ್ಪಟ ನಿಜ ಹೇಳುತ್ತಿದ್ದೆ, ಮತ್ತು ಅದನ್ನು ಹೇಗೆ ಹೇಳಬೇಕೆಂದು ನನಗೆ ಅಭ್ಯಾಸವಿರಲಿಲ್ಲ. ದನಿ ತಾನಾಗಿ ಸುಳ್ಳಿನ ಲಯಕ್ಕೇ ಹೋಗುತ್ತಿತ್ತು.

ಪೀರ್‌ಸಾಬ್ ನನ್ನೆದುರು ಬಂದು ನಿಂತ. ಬೈಯಲಿಲ್ಲ. “ಬೋರಲಿಂಗು, ಮನೇಲಿ ಮೂವರು ಹೆಣ್ಮಕ್ಕಳಿದಾರೆ ಕಣಪ್ಪ ನಂಗೆ. ಒಂದು ಸಲ ಢಂ ಅಂದಿದ್ರೆ ಕೂತ್ಕೋತಿದ್ನಲ್ಲೋ,” ಎಂದ ಅಷ್ಟೆ.

ಟೀಚರ್ ನನ್ನ ಬಂದೂಕು ಕೇಳಿ ಕೈ ಚಾಚಿದರು. ಇನ್ನೊಂದು ಕೈಯಲ್ಲಿ ಶಾಲು ಬಿಡಿಸಿ, “ಇಂಥೋರ ಮಧ್ಯೆ ನಿಮ್ಮಂಥೋರು ಒಬ್ರಾದ್ರೂ ಇದೀರಲ್ಲ ಮೇಷ್ಟ್ರೇ,” ಎಂದರು.

ಹುಚ್ಚೀರಪ್ಪ ಪಾರಾಗಿದ್ದ. ಸದ್ದು ಬಂದು ಹೋಗಿತ್ತು, ಇನ್ನು ಲೋಕದಲ್ಲಿ ಯಾವ ಕಾಫಿಯೂ ಅವನನ್ನು ಹಿಡಿದುಕೊಡುವಂತಿರಲಿಲ್ಲ. ಮನೆಗೆ ಹೋಗಿ ಬೇಕಾದರೆ ಒಂದು ಕೊಡ ನೀರು ಕುಡಿಯಬಹುದಿತ್ತು. ಊರಿನಲ್ಲಿ ಅತ್ಯಂತ ಕ್ಷೇಮವಾದ ಗಂಟಲು ಆ ಗಳಿಗೆಯಲ್ಲಿ ಅವನದೇ. ಅವನು ಶಾಲನ್ನು ನೋಡಿದ. ಬಂಡೆಯ ಮೇಲಿನ ತನ್ನ ಬರಹ ನೋಡಿದ. ಕಿವಿಯನ್ನು ಇನ್ನೂ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ ಪೀರ್‌ಸಾಬನನ್ನು ನೋಡಿದ. ಎದ್ದು ನಿಂತ. ಎದೆ ತುಂಬ ಉಸಿರು ಎಳೆದುಕೊಂಡ.

“ಢಂ!”

ಅಂಥ ಢಂ ಅನ್ನು ನಾನು ಕೇಳಿಲ್ಲ, ಕೂಗಿಯೂ ಇಲ್ಲ. ಇದು ನನ್ನ ಬಾಯಿಂದ ಬರಬೇಕಾದರೆ ಅದು ಎಂಥದಿರಬೇಕು, ನೀವೇ ಊಹಿಸಿಕೊಳ್ಳಿ. ಅಭ್ಯಾಸಬಲದಿಂದ ಕ್ವಾರಿಯಲ್ಲಿದ್ದವರೆಲ್ಲ ದಬದಬನೆ ಕುಕ್ಕರಗಾಲಲ್ಲಿ ಕೂತರು. ಟೀಚರ್ ಶಾಲು ಹಿಡಿದುಕೊಂಡೇ ಕೂತರು. ಕಾಫಿ ಹಂಚುವವನು ಕೆಟಲ್ ತಬ್ಬಿಕೊಂಡು ಕೂತ. ಸಂಘದವನೇ ಅಲ್ಲದ ಪೀರ್‌ಸಾಬ್ ಕೊಡೆಯ ಕೆಳಗೆ ಕೂತ. ಹುಚ್ಚೀರಪ್ಪ ಒಬ್ಬನೇ ನಿಂತಿದ್ದ.

ಎಲ್ಲರೂ ಸುತ್ತಮುತ್ತ ನೋಡಿದರು. ಯಾರ ಕೈಯಲ್ಲೂ ಬಂದೂಕಿಲ್ಲ, ಯಾರೂ ಹಾರಿಸಿಲ್ಲ.

“ನಿನ್ನೆ ಸಂಜೆ ಕೂಗ್ಬೇಕಿತ್ತು ಇದನ್ನ,” ಎಂದ ಹುಚ್ಚೀರಪ್ಪ. ದನಿ ಆಗಲೇ ಒಡೆದಿತ್ತು. “ಪೀರಾ, ಗುಂಡು ನಂದು. ಖಾಲಿ ಇದೆ ಅಂತ ನಿಂಗೆ ಪಾಠ ಹೇಳ್ತಾ ಹೇಳ್ತಾನೇ ಹಾರಿಸ್ದೆ. ಮೂರನೇ ಸದ್ದೂ ನಂದೇ. ಬೋರಲಿಂಗನ ತಲೆ ಮೇಲೆ ಹಾಕೋಣ ಅಂತಿದ್ದೆ.”

ಕೂತಲ್ಲಿಂದಲೇ ಪೀರ್‌ಸಾಬ್ ಕೊಡೆಯ ತೂತಿನೊಳಗೆ ಬೆರಳು ತೂರಿಸಿದ. ಬೆರಳಿನ ನೇರಕ್ಕೆ ತನ್ನ ತಲೆ ಎಲ್ಲಿದೆ ಎಂದು ನೋಡಿಕೊಂಡ. “ಕೂತಿದ್ರೆ ಇಷ್ಟು ಕೆಳಗಿರ್ತಿದ್ದೆ,” ಎಂದ. ಆಮೇಲೆ ಎದ್ದ. ಹುಚ್ಚೀರಪ್ಪನ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡೆವು. ಕೈಯನ್ನೂ ಎತ್ತಿದ.

“ಹಲ್ಕಾ ನನ್ಮಗನೆ! ನೆನ್ನೆ ತಿರುವಿನಲ್ಲಿ ಓಡಿ ಬಂದಾಗ ಯಾಕೋ ಹೇಳ್ಲಿಲ್ಲ?”

“ನೀನು ಅಂಗಿ ಇಸ್ತ್ರಿ ಮಾಡ್ಸಿದೀನಿ ಅಂದೆ.”

“ಅಂಗಿಗೆ ತೂತು ಬಿದ್ದಿದ್ರೆ?”

ಹುಚ್ಚೀರಪ್ಪ ಅತ್ತುಬಿಟ್ಟ. ಅಳು ಎಂದರೆ ಸಾಮಾನ್ಯ ಅಳುವಲ್ಲ, ಹುಣಿಸೆ ಮರದ ಬುಡ ಒದ್ದೆಯಾಗಿ ಆ ವರ್ಷ ಮರ ಎರಡು ಸಲ ಕಾಯಿ ಬಿಟ್ಟಿತು. ಪೀರ್‌ಸಾಬ್ ಎತ್ತಿದ ಕೈಯನ್ನು ಅವನ ಭುಜದ ಮೇಲಿಟ್ಟು ಒಮ್ಮೆ ಜೋರಾಗಿ ಅಲುಗಿಸಿದ. “ಕಾಫಿ ಕೊಡ್ರಪ್ಪ ಯಾರಾದ್ರೂ,” ಎಂದ. “ಸಕ್ಕರೆ ಜಾಸ್ತಿ ಹಾಕಿ.”

ಫಿಲೋಮಿನಾ ಟೀಚರ್ ಎದ್ದು ಸೀರೆ ಕೊಡವಿಕೊಂಡರು. ಬಂಡೆಯ ಕಡೆ ನೋಡಿದರು. “ಒಂದು ವರ್ಷ ಬಂದೂಕು ಮುಟ್ಟೋ ಹಾಗಿಲ್ಲ ಮೇಷ್ಟ್ರೇ. ಎಲ್ಲರ ಢಂ ನೀವೇ ಕೂಗ್ಬೇಕು. ಕಟ್ಟಳೆ ಮಾಡಿದೋರು ನೀವೇ.”

“ಗೊತ್ತು ಟೀಚರೇ.”

“ಇನ್ನು ಈ ಶಾಲು...”

ಟೀಚರ್ ಶಾಲನ್ನು ಏನು ಮಾಡುವುದೆಂದು ತೋಚದೆ ನಿಂತಿದ್ದಾಗ ನಾನು ಮುಂದೆ ಹೋಗಿ ಬೆನ್ನು ಬಗ್ಗಿಸಿದೆ. ಸಂಘದ ಇತಿಹಾಸದಲ್ಲಿ ಎಲ್ಲರೆದುರು ಸುಳ್ಳನೆಂದು ತೀರ್ಮಾನವಾಗಿ, ಆಮೇಲೆ ನಿಜ ಹೇಳಿದವನೆಂದು ಸಾಬೀತಾದ ಮನುಷ್ಯ ನಾನೊಬ್ಬನೇ ಎಂದು ವಿವರಿಸಿದೆ. ಅವರು ಹೊದಿಸಲಿಲ್ಲ. ಬಿಸಾಕಿದರು. ಭುಜದ ಮೇಲೆ ಬಿದ್ದಿತು, ಸಾಕು. ತುತ್ತೂರಿಯನ್ನು ಮಾತ್ರ ಅವರು ಹುಚ್ಚೀರಪ್ಪನ ಕೈಗೇ ಕೊಟ್ಟರು, ಗಂಟಲು ಬಿದ್ದ ದಿನ ಬೇಕಾಗುತ್ತದೆ ಎಂದು.

ಅವನು ಅದನ್ನು ಊದಲೇ ಇಲ್ಲ. ಭಾನುವಾರವೆಲ್ಲ ನಮ್ಮ ಪಕ್ಕದಲ್ಲಿ ನಿಂತು ಗಂಟಲಿನಿಂದಲೇ ಕೂಗಿದ. ಬಂಡೆಯ ಬರಹದ ಕೆಳಗೆ ಇನ್ನೊಂದು ಸಾಲು ಸೇರಿಸಿದ: ‘ನನ್ನದೂ ಸೇರಿ.’ ಹೊಸಬರು ಅದನ್ನು ಓದಿ ನಕ್ಕರೆ ನಿಲ್ಲಿಸಿ, ತೂತು ಬಿದ್ದ ಕೊಡೆಯ ಕಥೆ ಹೇಳಿ, ಆಮೇಲೆ ಬಂದೂಕು ಕೊಡಿಸುತ್ತಿದ್ದ.

ಕೊಡೆ ಎಂದೆನಲ್ಲ. ಹುಚ್ಚೀರಪ್ಪ ಹೊಸದೊಂದನ್ನು ಕೊಂಡು ಗೆಳೆಯನ ಅಂಗಡಿಗೆ ಹೋದ. ಪೀರ್‌ಸಾಬ್ ಅದನ್ನು ತಿರುಗಿಸಿ ಕಳಿಸಿದ. “ಇದೇ ಇರ್ಲಿ. ತೇಪೆಯೂ ಬೇಡ. ಮಳೆ ಬರ್ಲಿ, ಹೇಳ್ತೀನಿ,” ಎಂದ. ಮೊದಲ ಮಳೆ ಬಂದ ದಿನ ಹೇಳಿಕಳಿಸಿದ. ನೀವು ನಮ್ಮೂರಿಗೆ ಮಳೆಗಾಲದಲ್ಲಿ ಬಂದರೆ ಈಗಲೂ ಕಾಣಬಹುದು. ಬಜಾರಿನ ನಡುವೆ ಪೀರ್‌ಸಾಬ್ ಬಿಳೀ ಅಂಗಿ ತೊಟ್ಟು, ಕೊಡೆ ಹಿಡಿದು, ದಿವಾನನ ಹಾಗೆ ನಿಧಾನವಾಗಿ ನಡೆದು ಬರುತ್ತಾನೆ. ಪಕ್ಕದಲ್ಲಿ, ಕೊಡೆಯ ಆಚೆ, ನಮ್ಮ ರೇಂಜ್ ಮೇಷ್ಟ್ರು ತೊಪ್ಪೆಯಾಗಿ ನೆನೆದುಕೊಂಡು, ಎರಡೂ ಕೈ ಮೇಲೆತ್ತಿ, ಒಂದೊಂದು ತೂತಿಗೆ ಒಂದೊಂದು ಬೆರಳು ಸಿಕ್ಕಿಸಿ, ಪೊಲೀಸರಿಗೆ ಶರಣಾದವನಂತೆ ಹೆಜ್ಜೆಗೆ ಹೆಜ್ಜೆ ಹಾಕಿ ಬರುತ್ತಿರುತ್ತಾನೆ. ಒಂದು ಹನಿ ಒಳಗೆ ಬಿದ್ದರೂ ಪೀರ್‌ಸಾಬ್ ನಿಲ್ಲುತ್ತಾನೆ.

“ಹುಚ್ಚೀರಾ, ಎಡಗಡೆ ಬೆರಳು ಸಡಿಲಾಗಿದೆ.”

“ಸರಿ ಮಾಡಿದೆ. ನಡಿ.”

ಅವರಿಬ್ಬರ ಹಿಂದೆ ಜರಿ ಶಾಲು ತಲೆಯ ಮೇಲೆ ಎಳೆದುಕೊಂಡು, ಒಂದು ಹನಿಯೂ ತಾಗದ ಹಾಗೆ, ಮಳೆಯ ಎಳೆಗಳ ಸಂದಿಯಲ್ಲಿ ನುಸುಳಿಕೊಂಡು ಬರುವವನು ನಾನು.